ಶಿರಸಿಯ ಜಗಲಿಯಲ್ಲಿ ಬರ್ಮುಡಾ ಬೌಲ್ ಮಾದರಿಯ ಬ್ರಿಜ್ ಪಂದ್ಯ

ಮದುವೆಮನೆಯ ಇಸ್ಪೀಟಿನಲ್ಲಿ ಗೆದ್ದವನು ಜಾಣನೋ, ಅವನಿಗೆ ಎಲೆ ಚೆನ್ನಾಗಿ ಬಿತ್ತೋ ಹೇಳುವುದು ಕಷ್ಟ. 1950ರಲ್ಲಿ ಶುರುವಾದ ಬರ್ಮುಡಾ ಬೌಲ್, ಅಂದರೆ ಬ್ರಿಜ್ಜಿನ ವಿಶ್ವ ತಂಡ ಚಾಂಪಿಯನ್‌ಶಿಪ್ಪಿನಲ್ಲಿ ಒಂದೇ ಹಂಚಿಕೆಯನ್ನು ಎರಡು ಕೋಣೆಗಳಲ್ಲಿ ಆಡಿಸುತ್ತಾರೆ. ಎಂಟು ಜನ ಸೇರಿದರೆ ಮನೆಯಲ್ಲೂ ಹಾಗೇ ಆಡಬಹುದು.

ಒಂದು ತಂಡದ ಒಂದು ಜೋಡಿ ಜಗಲಿಯಲ್ಲಿ ಉತ್ತರ-ದಕ್ಷಿಣಕ್ಕೆ ಕೂತರೆ, ಅದೇ ತಂಡದ ಇನ್ನೊಂದು ಜೋಡಿ ಒಳಕೋಣೆಯಲ್ಲಿ ಪೂರ್ವ-ಪಶ್ಚಿಮಕ್ಕೆ ಕೂರಬೇಕು. ಇದು ತಪ್ಪಿದರೆ ಇಡೀ ಸಂಜೆಯ ಆಟ ದಂಡ.

16 ಬೋರ್ಡಿಗೆ 16 ಕಟ್ಟು ಬೇಕು, ಪ್ಲಾಸ್ಟಿಕ್ಕಿನದೇ ಆಗಲಿ. ಒಂದು ಹಂಚಿಕೆಯ ನಾಲ್ಕು ಕೈಗಳನ್ನು ಬೇರೆಬೇರೆಯಾಗಿಟ್ಟು ಇನ್ನೊಂದು ಮೇಜಿಗೆ ಒಯ್ಯುವ ತಟ್ಟೆಯೇ ಬೋರ್ಡು; ಆ ಹಂಚಿಕೆಗೂ ಅದೇ ಹೆಸರು. ಮಳೆಗಾಲದ ಥಂಡಿಗೆ ಕಾಗದದ ಎಲೆಗಳು ಒಂದಕ್ಕೊಂದು ಅಂಟುತ್ತವೆ. ಕಾರವಾರದ ಸೆಕೆಯಲ್ಲಿ ಬೆವರಿನ ಕೈಗೂ ಹಾಗೇ. ಕವಳ ಹಾಕಿದವರು ಕೈ ತೊಳೆದೇ ಕೂರಲಿ, ಕೆಂಪು ಕಲೆ ಬಿದ್ದ ಎಲೆ ಹಿಂದಿನಿಂದಲೇ ಗುರುತು ಸಿಗುತ್ತದೆ. ಬೋರ್ಡು ಇಲ್ಲದಿದ್ದರೆ ಒಂದೊಂದು ಹಂಚಿಕೆಗೂ ನಂಬರು, ದಿಕ್ಕು ಬರೆದ ನಾಲ್ಕು ಕಾಗದದ ಕವರು ಸಾಕು.

ಡೀಲರ್, ಅಂದರೆ ಮೊದಲು ಕರೆಯುವವರು, ಉತ್ತರದಿಂದ ಶುರುವಾಗಿ ಬೋರ್ಡಿಗೊಬ್ಬರಂತೆ ಪ್ರದಕ್ಷಿಣೆಯಾಗಿ ಬದಲಾಗುತ್ತಾರೆ. 1, 8, 11, 14ರಲ್ಲಿ ಯಾರೂ ವಲ್ನರಬಲ್ (ದೊಡ್ಡ ಕರೆ ಗೆದ್ದರೆ ಲಾಭವೂ ಸೋತರೆ ದಂಡವೂ ಹೆಚ್ಚಿರುವ ಜೋಡಿ) ಅಲ್ಲ. 2, 5, 12, 15ರಲ್ಲಿ ಉತ್ತರ-ದಕ್ಷಿಣ. 3, 6, 9, 16ರಲ್ಲಿ ಪೂರ್ವ-ಪಶ್ಚಿಮ. 4, 7, 10, 13ರಲ್ಲಿ ಇಬ್ಬರೂ. ಇದನ್ನು ಕವರಿನ ಮೇಲೇ ಬರೆದಿಡಿ.

ಎರಡೂ ಮೇಜಿನಲ್ಲಿ ಎಂಟೆಂಟು ಬೋರ್ಡು ಕಲಸಿ, ಹಂಚಿ, ಆಡಿ, ಆಮೇಲೆ ಅದಲುಬದಲು ಮಾಡಿಕೊಳ್ಳಿ. ಎಲೆ ನೋಡುವ ಮೊದಲು ಕವುಚಿಟ್ಟು 13 ಎಣಿಸಿ. ಆಡಿದ ಎಲೆಯನ್ನು ನಡುವೆ ಎಸೆಯುವಂತಿಲ್ಲ: ನಿಮ್ಮ ಮುಂದೆಯೇ ಕವುಚಿಡಿ, ಗೆದ್ದ ಟ್ರಿಕ್ಕಾದರೆ (ನಾಲ್ವರೂ ಒಂದೊಂದು ಎಲೆ ಹಾಕುವ ಸುತ್ತು) ಜೊತೆಗಾರನ ಕಡೆಗೆ ಉದ್ದವಾಗಿ, ಸೋತದ್ದಾದರೆ ಅಡ್ಡವಾಗಿ. ತಕರಾರು ಬಂದರೆ ಇದೇ ಸಾಕ್ಷಿ. 1975ರಿಂದ ಬರ್ಮುಡಾ ಬೌಲ್‌ನಲ್ಲಿ ಜೊತೆಗಾರರ ನಡುವೆ ಪರದೆ ಇರುತ್ತದೆ. ಮನೆಯಲ್ಲಿ ಬಿಡ್ಡನ್ನು, ಅಂದರೆ ಎಷ್ಟು ಟ್ರಿಕ್ ಗೆಲ್ಲುತ್ತೇವೆಂಬ ಕರೆಯನ್ನು, ಬಾಯಲ್ಲಿ ಹೇಳದೆ ಕಾಗದದಲ್ಲಿ ಬರೆದರೆ ದನಿಯ ಏರಿಳಿತದ ಸುಳಿವಾದರೂ ತಪ್ಪುತ್ತದೆ. ಚಹಾಕ್ಕೆ ಎದ್ದಾಗ ಎಲೆಯ ಮಾತು ಬೇಡ. ನಮ್ಮವರಿಗೆ ಕಷ್ಟವೆನಿಸುವ ನಿಯಮ ಇದೊಂದೇ.

ಎರಡು ಕೋಣೆಯ ಅಂಕಗಳ ವ್ಯತ್ಯಾಸವನ್ನು ಇಂಪ್‌ಗೆ (ತಂಡದ ಪಂದ್ಯದ ಗೆಲುವಿನ ಅಂಕ) ಬದಲಿಸಬೇಕು: 20–40ಕ್ಕೆ 1, 170–210ಕ್ಕೆ 5, 220–260ಕ್ಕೆ 6, 430–490ಕ್ಕೆ 10. ಪೂರ್ತಿ ಪಟ್ಟಿಯನ್ನು ಗೋಡೆಗೆ ಅಂಟಿಸಿಡಿ, ಏಕೆಂದರೆ ಬಿಡ್ಡಿಂಗಿನ ಧೈರ್ಯವೆಲ್ಲ ಅದರಿಂದಲೇ ಬರುವುದು. ನೀವು ವಲ್ನರಬಲ್, 4 ಆಟೀನು ಕರೆದು (ಕರೆಗೆ ಆರು ಸೇರಿಸಿದಷ್ಟು ಟ್ರಿಕ್ ಗೆಲ್ಲಬೇಕು, ಆಟೀನು ತುರುಪು) ಹತ್ತು ಟ್ರಿಕ್ ಮಾಡಿದಿರಿ: 620. ಇನ್ನೊಂದು ಕೋಣೆಯ ಎದುರಾಳಿಗಳು 3ಕ್ಕೇ ನಿಂತು ಹತ್ತು ಮಾಡಿದರು: 170. ವ್ಯತ್ಯಾಸ 450, ನಿಮಗೆ 10 ಇಂಪ್. ಒಂಬತ್ತೇ ಟ್ರಿಕ್ ಬಂದಿದ್ದರೆ ನಿಮಗೆ 100 ನಷ್ಟ, ಅವರಿಗೆ 140 ಲಾಭ. 240ಕ್ಕೆ 6 ಇಂಪ್ ಹೋಯಿತು. 10 ಗಳಿಸಲು 6 ಪಣ: ನೂರಕ್ಕೆ 38 ಸಲ ಗೇಮ್ (ಇಲ್ಲಿ 4 ಆಟೀನಿನಂಥ ಬೋನಸ್ಸಿನ ಕರೆ) ಆಗುವಂತಿದ್ದರೂ ಕರೆಯುವುದೇ ಲಾಭ. ವಲ್ನರಬಲ್ ಅಲ್ಲದಾಗ 6 ಗಳಿಸಲು 5 ಪಣ, ಆಗ 45ಕ್ಕಿಂತ ಹೆಚ್ಚಿನ ಸಾಧ್ಯತೆ ಇರಬೇಕು.

ಹೆಚ್ಚುವರಿ ಟ್ರಿಕ್ಕಿನಿಂದ ಸಿಗುವುದು ಒಂದು ಇಂಪ್ ಮಾತ್ರ. ಅದಕ್ಕಾಗಿ ಕಾಂಟ್ರಾಕ್ಟನ್ನೇ, ಅಂದರೆ ಕರೆದಷ್ಟು ಟ್ರಿಕ್ಕನ್ನೇ, ಅಪಾಯಕ್ಕೆ ಒಡ್ಡುವುದು ಪೆದ್ದುತನ. ಎದುರಾಳಿಗಳ ಕೈಯ ತುರುಪು ಮೊದಲು ತೆಗೆದುಬಿಡಿ, ನಿಮ್ಮ ತುರುಪಿಗೆ ಬೇರೆ ಕೆಲಸವಿಲ್ಲದಿದ್ದರೆ.

ಲೆಕ್ಕದಲ್ಲಿ ಎಲ್ಲೋ 14, 15 ಇಂಪ್ ಬಂದರೆ ಬೀಗುವ ಮೊದಲು ಕವರು ತೆರೆದು ನೋಡಿ: ಎರಡನೇ ಮೇಜಿನಲ್ಲಿ ಉತ್ತರದ ಎಲೆ ಪೂರ್ವಕ್ಕೆ ಹೋಗಿರಬಹುದು. ಹಾಗಾಗಿದ್ದರೆ ಆ ಬೋರ್ಡು ರದ್ದು.