ತಮಟೆಯಲ್ಲಿ 21 ಕುಶಾಲತೋಪು

ಶಿಡ್ಲಘಟ್ಟ ತಾಲ್ಲೂಕಿನ ನಮ್ಮ ಪ್ರೌಢಶಾಲೆಯಲ್ಲಿ ಈ ಸಲ ಶಾಲಾ ಸಂಸತ್ತಿನ ಪ್ರಮಾಣವಚನವನ್ನು ರಾಷ್ಟ್ರಪತಿಗಳ ಪದಗ್ರಹಣದ ರೀತಿಯಲ್ಲೇ ಮಾಡಿಸಿದೆ. ದಿನವೂ ಅದೇ, ಜುಲೈ 25. 1977ರ ನೀಲಂ ಸಂಜೀವ ರೆಡ್ಡಿಯವರಿಂದ 2022ರ ದ್ರೌಪದಿ ಮುರ್ಮು ಅವರವರೆಗೆ ಎಲ್ಲರೂ ಅವತ್ತೇ ಪ್ರಮಾಣ ಸ್ವೀಕರಿಸಿದ್ದು. (ರೆಡ್ಡಿಯವರು ಬರುವ ತನಕ ಹಂಗಾಮಿ ರಾಷ್ಟ್ರಪತಿಯಾಗಿದ್ದವರು ನಮ್ಮ ಬಿ.ಡಿ. ಜತ್ತಿ. ಸ್ಟಾಫ್ ರೂಮಿನಲ್ಲೇ ಅರ್ಧ ಜನಕ್ಕೆ ಗೊತ್ತಿರಲಿಲ್ಲ!) ಪ್ರಮಾಣ ಮುಗಿದ ಮೇಲೆ 21 ಕುಶಾಲತೋಪು ಹಾರಬೇಕಲ್ಲ, "ಎಲ್ಲಾ ಸರಿ, ತೋಪು ಎಲ್ಲಿಂದ ತರ್ತೀರಿ ಮೇಷ್ಟ್ರೇ?" ಅಂತ ಸಹೋದ್ಯೋಗಿಗಳು ನಕ್ಕರು.

ಪ್ರಮಾಣದ ಭಾಗ ಸಲೀಸು. ಗೃಹ ಕಾರ್ಯದರ್ಶಿಯಾದ ಹುಡುಗ ಆಯ್ಕೆಯ ಪ್ರಕಟಣೆ ಓದಿದ. ಮುಖ್ಯ ನ್ಯಾಯಮೂರ್ತಿಯಾದ ಒಂಬತ್ತನೇ ಕ್ಲಾಸಿನ ಹುಡುಗಿ ಸಂವಿಧಾನದ 60ನೇ ವಿಧಿಯ ಪ್ರಮಾಣ ಬೋಧಿಸಿದಳು. ಹಳೆಯ ಅಧ್ಯಕ್ಷನೂ ಹೊಸ ಅಧ್ಯಕ್ಷೆಯೂ ಕುರ್ಚಿ ಅದಲುಬದಲು ಮಾಡಿಕೊಂಡರು. ರಿಜಿಸ್ಟರಿಗೆ ಸಹಿ ಬಿತ್ತು.

ಒದ್ದಾಡಿದ್ದು ತೋಪಿಗೆ. ಮೊದಲು ಲಕ್ಷ್ಮೀ ಪಟಾಕಿ, ಸುಮಾರು ನಾನೂರು ರೂಪಾಯಿ. ಜಿಟಿಜಿಟಿ ಮಳೆಗೆ ಕೆಲವು ಠುಸ್, ಕೆಲವು ಜೋಡಿಯಾಗಿ ಢಂ. ಹೆಡ್‌ಮಾಸ್ಟರು ಅಲ್ಲಿಗೇ ನಿಲ್ಲಿಸಿದರು. ಆಮೇಲೆ ಮೊಬೈಲ್ ರೆಕಾರ್ಡಿಂಗು. ಮೈಕ್ ಸೆಟ್ ಬಾಡಿಗೆಗೆ ಸಾವಿರದ ಮೇಲೆ ಹೋಯಿತು. ಹಾರ್ನಿನಲ್ಲಿ ತೋಪು ಸಾಸಿವೆ ಒಗ್ಗರಣೆ ಹಾಗೆ ಚಟಪಟ ಅಂದಿತು.

ಕೊನೆಗೆ ನಮ್ಮೂರಿನ ತಮಟೆಯವರನ್ನು ಕರೆದೆ. ಗಣರಾಜ್ಯೋತ್ಸವದಲ್ಲಿ ಏಳು ತೋಪು ತಲಾ ಮೂರು ಸಲ ಹಾರಿಸಿ, 52 ಸೆಕೆಂಡಿನ ರಾಷ್ಟ್ರಗೀತೆಯೊಳಗೆ 21 ಮುಗಿಸುತ್ತಾರಲ್ಲ, ಅದೇ ಲೆಕ್ಕ ಹಿಡಿದೆ. ಏಳು ತಮಟೆ, ತಲಾ ಮೂರು ಪೆಟ್ಟು, ಹೆಚ್ಚುಕಮ್ಮಿ ಎರಡೂವರೆ ಸೆಕೆಂಡಿಗೊಂದು. ಕಲಾವಿದರಿಗೆ ಸುಮ್ನೆ ಒಂದೇ ಪೆಟ್ಟು ಹೊಡೆದು ನಿಲ್ಲುವುದೇ ಕಷ್ಟ, ಕೈ ತಾಳಕ್ಕೆ ಓಡುತ್ತದೆ. ಅದಕ್ಕೆ ಪಿ.ಟಿ. ಮೇಷ್ಟ್ರ ಕೈಗೆ ಬಾವುಟ ಕೊಟ್ಟೆ. ಚರ್ಮ ತಣ್ಣಗಾದರೆ ಸದ್ದು ಸಾಯುತ್ತದೆ, ಹಾಗಾಗಿ ಪ್ರಮಾಣ ಶುರುವಾದ ಮೇಲೆಯೇ ಹುಲ್ಲಿನ ಬೆಂಕಿಗೆ ಕಾಯಿಸಿದ್ದು. ಟಣ್ ಅನ್ನುವುದನ್ನು ಢಂ ಅನ್ನಿಸಲು ತಮಟೆಯ ಹಿಂದೆ ಏನಿಟ್ಟೆವು ಅಂತ ಹೇಳಲ್ಲ. ಪಕ್ಕದ ಶಾಲೆಯವರು ಆಗಲೇ ಕೇಳುತ್ತಿದ್ದಾರೆ!

ಇನ್ನೊಂದು ಪ್ರಯೋಗ ಅಂಗರಕ್ಷಕ ದಳ. ದೆಹಲಿಯಲ್ಲಿ ಕುದುರೆ, ನಮ್ಮಲ್ಲಿ ಸೈಕಲ್. ಮೆಲ್ಲಗೆ ಓಡಿಸು ಅಂದರೆ ಸೈಕಲ್ ಬೀಳುತ್ತದೆ, ಜೋರು ಓಡಿಸಿದರೆ ಅಧ್ಯಕ್ಷೆ ಹಿಂದೆ ಉಳಿಯುತ್ತಾಳೆ. ಕೆಂಪು ಪೇಟ ಮಾತ್ರ ಚೆನ್ನಾಗಿ ಕಂಡಿತು.

ತಮಟೆಯವರಿಗೆ ತಲಾ ಐನೂರು ಮತ್ತು ಊಟ. ಎಲ್ಲಾ ಸೇರಿ ಆರು ಸಾವಿರ ದಾಟಿರಬೇಕು, ಜಾಸ್ತಿ ಭಾಗ ನನ್ನ ಜೇಬಿನದೇ. ಮುಂದಿನ ವರ್ಷ ನಿಜವಾದ ಕುದುರೆ ಕೊಡಿಸುತ್ತೇನೆ ಅಂತ ಪೋಷಕರೊಬ್ಬರು ಮಾತು ಕೊಟ್ಟಿದ್ದಾರೆ. ತಮಟೆ ಸದ್ದಿಗೆ ಅದು ನಿಲ್ಲುತ್ತದೋ ಇಲ್ಲವೋ, ಜೂನ್‌ನಲ್ಲೇ ನೋಡಬೇಕು.