ಯಾವ ಯೂನಿವರ್ಸಿಟಿ ಯಾವ ಕಾನ್ಫರೆನ್ಸಿಗೆ ಹಾರುತ್ತೆ ಅಂತ ಮೊದಲೇ ಊಹಿಸೋದು ಹೇಗೆ

ಅಮೆರಿಕದ ಕಾಲೇಜ್ ಫುಟ್‌ಬಾಲ್ ಹೊಸದಾಗಿ ನೋಡೋಕೆ ಶುರು ಮಾಡಿದೋರಿಗೆಲ್ಲ ಬರೋ ಡೌಟ್ ಒಂದೇ, ಬಿಗ್ ಟೆನ್ ಕಾನ್ಫರೆನ್ಸ್ (ಅಂದ್ರೆ ತಮ್ಮತಮ್ಮಲ್ಲೇ ಲೀಗ್ ಆಡೋ ಯೂನಿವರ್ಸಿಟಿಗಳ ಗುಂಪು) ಅಂತ ಹೆಸರಿಟ್ಕೊಂಡು 18 ಯೂನಿವರ್ಸಿಟಿ ಯಾಕಿದಾವೆ, ಬಿಗ್ 12ರಲ್ಲಿ 16 ಯಾಕೆ, ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್ (ಎಸಿಸಿ) ಅನ್ನೋದ್ರಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್‌ಗೆ ಏನ್ ಕೆಲಸ. ಮ್ಯಾಪ್ ನೋಡಿದ್ರೆ ಉತ್ತರ ಸಿಗಲ್ಲ, ಪಾಯಿಂಟ್ಸ್ ಟೇಬಲ್ ನೋಡಿದ್ರೂ ಸಿಗಲ್ಲ, ನೋಡ್ಬೇಕಿರೋದು ಟಿವಿ ಕಾಂಟ್ರಾಕ್ಟು. ಅದನ್ನ ಓದೋದು ಗೊತ್ತಾದ್ರೆ ಮುಂದಿನ ಸಲ "ಇಂಥವರು ಇಂಥಲ್ಲಿಗೆ ಹೋಗ್ತಾರಂತೆ" ಅನ್ನೋ ಗಾಳಿಸುದ್ದಿ ಬಂದಾಗ ನಿಜ ಎಷ್ಟು ಬುರುಡೆ ಎಷ್ಟು ಅಂತ ನೀವೇ ಹೇಳ್ಬಹುದು.

ಒಂದ್ ನಿಮಿಷ ಹಿಂದಿನ ಕಥೆ. 1984ರವರೆಗೂ ಯಾವ ಮ್ಯಾಚ್ ಟಿವಿಲಿ ಬರ್ಬೇಕು, ಯಾರು ಎಷ್ಟು ಸಲ ಬರ್ಬೇಕು ಅನ್ನೋದೆಲ್ಲ ಕಾಲೇಜ್ ಆಟಗಳನ್ನ ನಡೆಸೋ ಎನ್‌ಸಿಎಎ ಸಂಸ್ಥೆ ಕೈಲಿತ್ತು. ಒಕ್ಲಹೋಮ, ಜಾರ್ಜಿಯಾ ಯೂನಿವರ್ಸಿಟಿಗಳು ಕೋರ್ಟಿಗೆ ಹೋದ್ವು, ಸುಪ್ರೀಂ ಕೋರ್ಟು 7-2ರಲ್ಲಿ ಆ ಹಿಡಿತ ಬಿಡಿಸ್ತು. ವಿರುದ್ಧ ಬರೆದ ಜಡ್ಜ್ ಬೈರನ್ ವೈಟ್, ಅವರೇ ಒಂದು ಕಾಲದಲ್ಲಿ ಕೊಲರಾಡೋಗೆ ಆಡಿದ ಸ್ಟಾರ್ ಆಟಗಾರ, ಮುಂದೆ ಏನಾಗುತ್ತೆ ಅಂತ ಅವರಿಗೆ ವಾಸನೆ ಬಡಿದಿತ್ತೇನೋ ಅನ್ಸುತ್ತೆ ನನಗೆ. ಅವತ್ತಿಂದ ಮ್ಯಾಚ್ ಮಾರೋ ಹಕ್ಕು ಯೂನಿವರ್ಸಿಟಿಗಳದ್ದು, ಅವು ಗುಂಪು ಕಟ್ಕೊಂಡು ಕಾನ್ಫರೆನ್ಸ್ ಹೆಸರಲ್ಲಿ ಮಾರ್ತಾವೆ. ಗುಂಪಿನಲ್ಲಿ ಯಾರಿದ್ರೆ ಜಾಸ್ತಿ ರೇಟ್ ಸಿಗುತ್ತೆ ಅನ್ನೋದೇ ಆಮೇಲಿನ ಆಟ ಪೂರ್ತಿ.

ಸರಿ, ಗಾಳಿಸುದ್ದಿ ಬಂತು ಅಂದ್ಕೊಳ್ಳಿ. ಮೊದಲು ಅವರು ಈಗಿರೋ ಕಾನ್ಫರೆನ್ಸಿನ ಟಿವಿ ಕಾಂಟ್ರಾಕ್ಟ್ ಯಾವ ವರ್ಷ ಮುಗಿಯುತ್ತೆ ಅಂತ ಹುಡುಕಿ. ಮುಗಿಯೋಕೆ ಎರಡ್ಮೂರು ವರ್ಷ ಇದೆ ಅಂದ್ರೆ ಸುದ್ದಿಗೆ ಬೆಲೆ ಇದೆ, ಹತ್ತು ವರ್ಷ ಇದೆ ಅಂದ್ರೆ ಯಾರೋ ಟೈಂಪಾಸ್ ಮಾಡ್ತಿದಾರೆ. ಟೆಕ್ಸಸ್ ಮತ್ತು ಒಕ್ಲಹೋಮ ಬಿಗ್ 12 ಬಿಟ್ಟು ಎಸ್‌ಇಸಿ ಅನ್ನೋ ದಕ್ಷಿಣದ ಕಾನ್ಫರೆನ್ಸಿಗೆ ಹೋಗ್ತಾರೆ ಅನ್ನೋ ಸುದ್ದಿ ಒಡೆದಿದ್ದು 2021ರ ಜುಲೈನಲ್ಲಿ, ಬಿಗ್ 12 ಕಾಂಟ್ರಾಕ್ಟ್ 2025ಕ್ಕೆ ಮುಗಿಯೋದಿತ್ತು. ಕಡೆಗೆ ಒಂದು ವರ್ಷ ಮೊದಲೇ ಹೊರಡ್ತೀವಿ ಅಂತ ಇಬ್ರೂ ಸೇರಿ 100 ಮಿಲಿಯನ್ ಡಾಲರ್ ಬಿಟ್ಕೊಟ್ಟು 2024ರ ಜುಲೈ 1ಕ್ಕೆ ಹೋದ್ರು. ಒಂದು ವರ್ಷ ಬೇಗ ಹೋಗೋಕೆ ನೂರು ಮಿಲಿಯನ್ ಬಿಡ್ತಾರೆ ಅಂದ್ರೆ ಆ ಕಡೆ ಎಷ್ಟು ದುಡ್ಡು ಕಾದಿರ್ಬೇಕು ಯೋಚ್ನೆ ಮಾಡಿ.

ಆಮೇಲೆ ನೋಡ್ಬೇಕಾಗಿರೋದು ಗ್ರಾಂಟ್ ಆಫ್ ರೈಟ್ಸ್ ಅನ್ನೋ ಕಾಗದ, ಹೊಸಬರು ಇದನ್ನೇ ಮಿಸ್ ಮಾಡೋದು. ಎಕ್ಸಿಟ್ ಫೀ ಬೇರೆ, ಇದು ಬೇರೆ. ಎಕ್ಸಿಟ್ ಫೀ ಅಂದ್ರೆ ಬಿಟ್ಟು ಹೋಗೋಕೆ ಕಟ್ಟೋ ದಂಡ, ಸಾಲ ಮಾಡಿಯಾದ್ರೂ ಕಟ್ಬಹುದು. ಗ್ರಾಂಟ್ ಆಫ್ ರೈಟ್ಸ್ ಅಂದ್ರೆ ತೋಟ ನಿಮ್ದೇ, ಫಸಲು ಮಾತ್ರ ಇಷ್ಟು ವರ್ಷಕ್ಕೆ ಅಂತ ಗುತ್ತಿಗೆ ಬರ್ಕೊಟ್ಟಾಗಿದೆ, ನೀವು ಬೇಲಿ ಕಿತ್ಕೊಂಡು ಬೇರೆ ಊರಿಗೆ ಸೇರ್ಕೊಂಡ್ರೂ ಫಸಲು ಹಳೇ ಗುತ್ತಿಗೆದಾರನಿಗೇ. ಅಂದ್ರೆ ನಿಮ್ಮ ಸ್ಟೇಡಿಯಂನಲ್ಲಿ ನಡೆಯೋ ಮ್ಯಾಚಿನ ಟಿವಿ ದುಡ್ಡು ಬಿಟ್ಟು ಬಂದ ಕಾನ್ಫರೆನ್ಸಿಗೆ ಹೋಗುತ್ತೆ, ಹೊಸ ಕಾನ್ಫರೆನ್ಸ್ ನಿಮ್ಮನ್ನ ಯಾಕೆ ಕರ್ಕೊಳ್ಳುತ್ತೆ ಹೇಳಿ. ಎಸಿಸಿ ಇದನ್ನ 2013ರಲ್ಲಿ ಬರೆಸ್ಕೊಂಡು, 2016ರಲ್ಲಿ ಇಎಸ್‌ಪಿಎನ್ ಚಾನೆಲ್ ಜೊತೆ ಮಾತಾಡುವಾಗ 2036ರವರೆಗೆ ಎಳೀತು. ಎಸಿಸಿಯಲ್ಲಿರೋ ಫ್ಲೋರಿಡಾ ಸ್ಟೇಟ್‌ಗೆ ಇದು ಗಂಟಲಲ್ಲಿ ಸಿಕ್ಕಾಕ್ಕೊಂಡ ಮುಳ್ಳಾಯ್ತು. 2023ರಲ್ಲಿ 13 ಮ್ಯಾಚ್ ಆಡಿ 13ಕ್ಕೆ 13 ಗೆದ್ರೂ ಚಾಂಪಿಯನ್ ಯಾರು ಅಂತ ತೀರ್ಮಾನಿಸೋ ನಾಲ್ಕು ಟೀಮಿನ ಪ್ಲೇಆಫ್‌ಗೆ ತಗೊಳ್ಳಲಿಲ್ಲ, ಅದೇ ಡಿಸೆಂಬರಲ್ಲಿ ಕೋರ್ಟಿಗೆ ಹೋದ್ರು, ಹೊರಗೆ ಬರ್ಬೇಕು ಅಂದ್ರೆ 572 ಮಿಲಿಯನ್ ಆಗುತ್ತೆ ಅಂತ ಅವರೇ ಲೆಕ್ಕ ಕೊಟ್ರು. ಮೂರು ತಿಂಗಳಿಗೆ ಕ್ಲೆಮ್ಸನ್ ಕೂಡ ಕೇಸ್ ಹಾಕ್ತು.

ಮೂರನೇದು ಭಾಗಾಕಾರ, ಇದಕ್ಕೆ ಪೆನ್ನು ಪೇಪರ್ ಸಾಕು. 14 ಯೂನಿವರ್ಸಿಟಿ ಇರೋ ಒಂದು ಕಾನ್ಫರೆನ್ಸು, ತಲಾ 60 ಮಿಲಿಯನ್, ಒಟ್ಟು 840 ಅಂದ್ಕೊಳ್ಳಿ. ಹದಿನೈದನೇಯವನು ಬರ್ತಾನೆ, ಅವನು ಬಂದಿದ್ದಕ್ಕೆ ಚಾನೆಲ್‌ನೋರು 30 ಮಿಲಿಯನ್ ಜಾಸ್ತಿ ಕೊಡ್ತಾರೆ. 870ನ 15ರಿಂದ ಭಾಗಿಸಿ, 58. ಅಂದ್ರೆ ಹಳಬರು ತಲಾ ಎರಡು ಮಿಲಿಯನ್ ಕಳ್ಕೊಂಡ್ರು, ಯಾವ ಯೂನಿವರ್ಸಿಟಿ ಪ್ರೆಸಿಡೆಂಟ್ ಇದಕ್ಕೆ ಕೈ ಎತ್ತಾನೆ? ಹಾಗಾಗಿ ಬರೋನು ತನ್ನ ಪಾಲಿಗಿಂತ ಜಾಸ್ತಿ ತರ್ಬೇಕು, ಇಲ್ಲಾ ಕಮ್ಮಿ ಪಾಲಿಗೆ ಒಪ್ಕೋಬೇಕು. ಆರೆಗಾನ್, ವಾಷಿಂಗ್ಟನ್ ಬಿಗ್ ಟೆನ್‌ಗೆ ಬಂದಿದ್ದು ಹಳಬರ ಅರ್ಧದಷ್ಟು ಪಾಲಿಗೆ. ಸ್ಟ್ಯಾನ್‌ಫರ್ಡ್, ಬರ್ಕ್ಲಿ ಎಸಿಸಿಗೆ ಹೋಗಿದ್ದು ಶುರುವಿನ ವರ್ಷಗಳಲ್ಲಿ ಶೇಕಡ 30ರ ಪಾಲಿಗೆ. ಡಲ್ಲಾಸ್‌ನ ಎಸ್‌ಎಂಯು ಅಂತೂ ಒಂಬತ್ತು ವರ್ಷ ಟಿವಿ ದುಡ್ಡೇ ಬೇಡ, ಬಾಗಿಲು ತೆಗೀರಿ ಸಾಕು ಅಂತು, ಅವರ ಹಳೇ ವಿದ್ಯಾರ್ಥಿಗಳ ಜೇಬು ಅಷ್ಟು ಗಟ್ಟಿ. ಗಾಳಿಸುದ್ದಿಲಿ "ಫುಲ್ ಶೇರ್" ಅಂತ ಇದ್ರೆ ಅನುಮಾನ ಪಡಿ.

ಈ ಲೆಕ್ಕದಲ್ಲಿ ಒಂದು ವಿಷ್ಯ ಕಾಲ ಬದಲಾದಂಗೆ ಬದಲಾಗಿದೆ. ಕೇಬಲ್ ಕಾಲದಲ್ಲಿ ನಿಮ್ಮ ಟೀಮ್ ಗೆಲ್ಲುತ್ತೋ ಬಿಡುತ್ತೋ ಮುಖ್ಯ ಅಲ್ಲ, ನಿಮ್ಮ ಊರಲ್ಲಿ ಕೇಬಲ್ ಮನೆ ಎಷ್ಟು ಅನ್ನೋದು ಮುಖ್ಯ. ಬಿಗ್ ಟೆನ್ 2007ರಲ್ಲಿ ಫಾಕ್ಸ್ ಜೊತೆ ಸೇರಿ ತನ್ನದೇ ಚಾನೆಲ್ ಶುರು ಮಾಡ್ತು. ಕಾನ್ಫರೆನ್ಸಿನ ಯೂನಿವರ್ಸಿಟಿ ಇರೋ ರಾಜ್ಯದಲ್ಲಿ ಆ ಚಾನೆಲ್‌ಗೆ ಪ್ರತಿ ಕೇಬಲ್ ಮನೆಯಿಂದ ಸಿಗೋ ದುಡ್ಡು ಜಾಸ್ತಿ, ಆ ಮನೆಯೋರು ಜನ್ಮದಲ್ಲಿ ಫುಟ್‌ಬಾಲ್ ನೋಡದೇ ಇದ್ರೂ ಸರಿ. ಅದಕ್ಕೇ 2014ರಲ್ಲಿ ರಟ್ಗರ್ಸ್ ಮತ್ತು ಮೇರಿಲ್ಯಾಂಡ್ ಬಂದ್ವು, ಒಂದರ ಹಿಂದೆ ನ್ಯೂಯಾರ್ಕ್, ಇನ್ನೊಂದರ ಹಿಂದೆ ವಾಷಿಂಗ್ಟನ್ ಡಿಸಿ. ಇವಾಗ ಜನ ಕೇಬಲ್ ಕಿತ್ತು ಬಿಸಾಕ್ತಿದಾರೆ, ಹಾಗಾಗಿ ಚಾನೆಲ್‌ನೋರು ನೋಡೋದು ಯಾರ ಮ್ಯಾಚಿಗೆ ನಿಜವಾಗ್ಲೂ ಕೋಟಿಗಟ್ಟಲೆ ಜನ ಕೂರ್ತಾರೆ ಅಂತ. ಇವತ್ತು ರಟ್ಗರ್ಸ್ ಹೊಸದಾಗಿ ಅರ್ಜಿ ಹಾಕಿದ್ರೆ ಯಾರೂ ಫೋನ್ ಎತ್ತಲ್ಲ ಅಂತ ನನ್ನ ನಂಬಿಕೆ. ಊರಿನ ಜನಸಂಖ್ಯೆ ತೋರಿಸಿ ವಾದ ಮಾಡೋ ವಿಡಿಯೋ ಕಂಡ್ರೆ ಹತ್ತು ವರ್ಷ ಹಳೇ ಲಾಜಿಕ್ ಅಂತ ಸ್ಕಿಪ್ ಮಾಡಿ.

ಇಷ್ಟನ್ನೂ ಒಂದೇ ಕಡೆ ನೋಡ್ಬೇಕು ಅಂದ್ರೆ ಪಶ್ಚಿಮ ಕರಾವಳಿ ಕಡೆಯ ಪ್ಯಾಕ್-12 ಕಾನ್ಫರೆನ್ಸು ಸತ್ತ ಬೇಸಿಗೆ ನೋಡಿ. 2011ರಲ್ಲಿ ಇಎಸ್‌ಪಿಎನ್, ಫಾಕ್ಸ್ ಜೊತೆ 12 ವರ್ಷಕ್ಕೆ ಸುಮಾರು 3 ಬಿಲಿಯನ್‌ನ ಡೀಲು, ಆಗ ಅದೇ ದೊಡ್ಡದು. ಜೊತೆಗೆ ಸ್ವಂತ ಚಾನೆಲ್, ಯಾರನ್ನೂ ಪಾಲುದಾರ ಮಾಡ್ಕೊಳ್ದೆ, ಅದನ್ನ ಡೈರೆಕ್‌ಟಿವಿ ಅನ್ನೋ ಡಿಶ್ ಕಂಪನಿ ಕೊನೇವರೆಗೂ ಹಾಕ್ಲೇ ಇಲ್ಲ. ಕಾಂಟ್ರಾಕ್ಟ್ ಮುಗಿಯೋದು 2024ಕ್ಕೆ. 2022ರ ಜೂನ್ 30ಕ್ಕೆ ಲಾಸ್ ಏಂಜಲೀಸ್‌ನ ಯುಎಸ್‌ಸಿ, ಯುಸಿಎಲ್‌ಎ ಯೂನಿವರ್ಸಿಟಿಗಳು ಬಿಗ್ ಟೆನ್‌ಗೆ ಅಂತ ಘೋಷಣೆ, ಆ ಊರೇ ಕೈ ಬಿಟ್ಟೋಯ್ತು. ಉಳಿದವರು ಹೊಸ ಡೀಲ್ ಹುಡುಕ್ತಾ ಹುಡುಕ್ತಾ ವರ್ಷ ಕಳೆದ್ರು, ಅಷ್ಟರಲ್ಲಿ ಬಿಗ್ 12ರವರು ಕ್ಯೂ ಹಾರಿ 2022ರ ಅಕ್ಟೋಬರಲ್ಲೇ ಇಎಸ್‌ಪಿಎನ್, ಫಾಕ್ಸ್ ಜೊತೆ ಆರು ವರ್ಷಕ್ಕೆ ಸುಮಾರು 2.28 ಬಿಲಿಯನ್‌ಗೆ ಮುಗಿಸ್ಬಿಟ್ರು. ಚಾನೆಲ್‌ಗಳ ಪರ್ಸು ಖಾಲಿ. 2023ರ ಆಗಸ್ಟ್ ಶುರುವಿಗೆ ಪ್ಯಾಕ್-12 ಮುಂದೆ ಇದ್ದಿದ್ದು ಆಪಲ್ ಆಫರ್ ಒಂದೇ, ವರದಿಗಳ ಪ್ರಕಾರ ತಲಾ 23 ಮಿಲಿಯನ್ ಸುತ್ತ, ಸಬ್‌ಸ್ಕ್ರೈಬರ್ ಜಾಸ್ತಿ ಆದ್ರೆ ಇನ್ನಷ್ಟು. ಕೊಲರಾಡೋ ಆಗ್ಲೇ ಜುಲೈ 27ಕ್ಕೆ ಎದ್ದು ಹೋಗಿತ್ತು. ಆಗಸ್ಟ್ 4, ಶುಕ್ರವಾರ ಬೆಳಿಗ್ಗೆ, ಉಳಿದ ಒಂಬತ್ತೂ ಜನ ಸೈನ್ ಹಾಕ್ತಾರೆ ಅಂತ ಎಲ್ಲರೂ ಕಾಯ್ತಿದ್ರೆ ವಾಷಿಂಗ್ಟನ್, ಆರೆಗಾನ್ ಬಿಗ್ ಟೆನ್‌ಗೆ ಹೋದ್ವು, ಅದೇ ದಿನ ಅರಿಜೋನಾ, ಅರಿಜೋನಾ ಸ್ಟೇಟ್, ಯೂಟಾ ಬಿಗ್ 12ಕ್ಕೆ. ನೂರು ವರ್ಷ ದಾಟಿದ ಕಾನ್ಫರೆನ್ಸು ಒಂದೇ ದಿನದಲ್ಲಿ ಖಾಲಿ, ಕಡೆಗೆ ಆರೆಗಾನ್ ಸ್ಟೇಟ್ ವಾಷಿಂಗ್ಟನ್ ಸ್ಟೇಟ್ ಇಬ್ರೇ.

ಇನ್ನು ದೊಡ್ಡೋರ ಹೇಳಿಕೆ ಓದೋದು. 2021ರ ಆಗಸ್ಟಲ್ಲಿ ಬಿಗ್ ಟೆನ್, ಎಸಿಸಿ, ಪ್ಯಾಕ್-12 ಮೂರೂ ಸೇರಿ "ಅಲಯನ್ಸ್" ಅಂತ ದೊಡ್ಡದಾಗಿ ಘೋಷಣೆ ಮಾಡಿದ್ರು, ಒಬ್ಬರನ್ನೊಬ್ಬರು ನಂಬ್ತೀವಿ, ಕಾಗದ ಪತ್ರ ಏನೂ ಬೇಡ ಅಂತ. ನಾನು ಪೆದ್ದ, ನಂಬಿ ಫ್ರೆಂಡ್ಸ್ ಹತ್ರ ಇನ್ಮೇಲೆ ಐದು ವರ್ಷ ಯಾರೂ ಎಲ್ಲೂ ಹೋಗಲ್ಲ ಅಂತ ಬೆಟ್ ಕಟ್ಟಿದ್ದೆ. ಹತ್ತೇ ತಿಂಗಳಿಗೆ ಅದೇ ಬಿಗ್ ಟೆನ್ ಅದೇ ಪ್ಯಾಕ್-12ರಿಂದ ಇಬ್ಬರನ್ನ ಎತ್ಕೊಂಡು ಹೋಯ್ತು. ಅವತ್ತಿಂದ ಸೈನ್ ಆಗಿರೋ ಕಾಗದ ಇಲ್ಲದಿದ್ರೆ ನಾನು ಯಾವ ಕಮಿಷನರ್ (ಕಾನ್ಫರೆನ್ಸಿನ ಮುಖ್ಯಸ್ಥ) ಮಾತನ್ನೂ ಲೆಕ್ಕಕ್ಕೆ ತಗೊಳ್ಳಲ್ಲ. "ನಮ್ಮ ಕಾನ್ಫರೆನ್ಸ್ ಬಗ್ಗೆ ಹೆಮ್ಮೆ ಇದೆ, ಎಲ್ಲ ಅವಕಾಶ ಪರಿಶೀಲಿಸ್ತೀವಿ" ಅಂದ್ರೆ ಲಗೇಜ್ ಪ್ಯಾಕ್ ಆಗ್ತಿದೆ ಅಂತ ಅರ್ಥ.

ಅದಕ್ಕಿಂತ ಗಟ್ಟಿ ಸುಳಿವು ಸರ್ಕಾರಿ ಯೂನಿವರ್ಸಿಟಿಗಳ ಬೋರ್ಡ್ ಮೀಟಿಂಗ್ ನೋಟಿಸು. ಅವರು ಮೀಟಿಂಗ್ ಕರೆದ್ರೆ ಜನರಿಗೆ ಮೊದಲೇ ತಿಳಿಸ್ಬೇಕು ಅನ್ನೋ ಕಾನೂನಿದೆ, ಹಾಗಾಗಿ ಬೇಸಿಗೆ ರಜದಲ್ಲಿ ದಿಢೀರ್ ಅಂತ ಸ್ಪೆಷಲ್ ಮೀಟಿಂಗ್ ನೋಟಿಸ್ ಬಂತು ಅಂದ್ರೆ ಎಚ್ಚೆತ್ಕೊಳ್ಳಿ. 2023ರಲ್ಲಿ ಕೊಲರಾಡೋ, ಅರಿಜೋನಾ ಎರಡೂ ಕಡೆ ಹಿಂಗೇ ಗೊತ್ತಾಗಿದ್ದು. ಯುಎಸ್‌ಸಿ ಥರ ಪ್ರೈವೇಟ್ ಆದ್ರೆ ಈ ದಾರಿ ಇಲ್ಲ. ದುಡ್ಡಿನ ಲೆಕ್ಕ ಬೇಕಾದ್ರೆ ಕಾನ್ಫರೆನ್ಸುಗಳು ಲಾಭಕ್ಕಲ್ಲದ ಸಂಸ್ಥೆಗಳು ಅನ್ನೋ ಹೆಸರಲ್ಲಿ ಟ್ಯಾಕ್ಸ್ ಇಲಾಖೆಗೆ ವರ್ಷಾ ವರ್ಷ ಕೊಡೋ ಫಾರ್ಮ್ 990 ನೋಡಿ (ಲಾಭಕ್ಕಲ್ಲದ್ದು ಅಂತೆ, 2023ರ ಆರ್ಥಿಕ ವರ್ಷಕ್ಕೆ ಬಿಗ್ ಟೆನ್ ತೋರಿಸಿದ ಆದಾಯ ಹತ್ತಿರ ಹತ್ತಿರ 880 ಮಿಲಿಯನ್). ಅದರಲ್ಲಿ ಪ್ರತಿ ಯೂನಿವರ್ಸಿಟಿಗೂ ಎಷ್ಟು ಹೋಯ್ತು ಅಂತ ಇರುತ್ತೆ.

ಮಾತುಕತೆ ಎಲ್ಲ ಫುಟ್‌ಬಾಲ್‌ದೇ, ಆದ್ರೆ ಪ್ರಯಾಣ ಮಾಡೋದು ವಾಲಿಬಾಲ್ ಹುಡುಗಿಯರು, ಸಾಫ್ಟ್‌ಬಾಲ್ ಟೀಮು. ಫುಟ್‌ಬಾಲ್‌ಗೆ ವಾರಕ್ಕೊಂದು ಮ್ಯಾಚು, ಇವರಿಗೆ ವಾರದ ಮಧ್ಯ ಕೂಡ, ನ್ಯೂಜೆರ್ಸಿಯಿಂದ ಲಾಸ್ ಏಂಜಲೀಸ್‌ಗೆ ಹಾರಿ ಬಂದು ಮಾರನೇ ಬೆಳಿಗ್ಗೆ ಪರೀಕ್ಷೆ ಬರೀಬೇಕು. ಇನ್ನೊಂದು ತಮಾಷೆ ಕೇಳಿ, ಯುಸಿಎಲ್‌ಎ ಮತ್ತು ಬರ್ಕ್ಲಿ ಎರಡೂ ಒಂದೇ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿ ಮನೆತನದವು, ತಮ್ಮ ಹೋಗಿ ಶ್ರೀಮಂತರ ಮನೆ ಸೇರ್ಕೊಂಡು ಅಣ್ಣನ್ನ ಬೀದಿಗೆ ಬಿಟ್ಟ ಅಂತ ಆ ಮನೆತನ ನಡೆಸೋ ರೀಜೆಂಟ್ಸ್ ಬೋರ್ಡು ಯುಸಿಎಲ್‌ಎ ವರ್ಷಕ್ಕೆ 10 ಮಿಲಿಯನ್ ಬರ್ಕ್ಲಿಗೆ ಕೊಡ್ಬೇಕು ಅಂತು. ಜನ ಅದನ್ನ ಡೈವೋರ್ಸ್ ಜೀವನಾಂಶಕ್ಕೆ ಹೋಲಿಸಿ ಗೇಲಿ ಮಾಡ್ತಾರೆ. 2025ರ ಜೂನಲ್ಲಿ ಹೌಸ್ ಕೇಸಿನ (ದುಡ್ಡಿಗಾಗಿ ಆಟಗಾರರೇ ಎನ್‌ಸಿಎಎ ಮೇಲೆ ಹಾಕಿದ್ದು) ಒಪ್ಪಂದಕ್ಕೆ ಕೋರ್ಟ್ ಒಪ್ಪಿಗೆ ಕೊಟ್ಟ ಮೇಲೆ ಯೂನಿವರ್ಸಿಟಿಗಳು ಆಟಗಾರರಿಗೇ ನೇರವಾಗಿ ದುಡ್ಡು ಕೊಡ್ಬಹುದು, ಮೊದಲ ವರ್ಷಕ್ಕೆ ಒಂದೊಂದು ಯೂನಿವರ್ಸಿಟಿಗೆ 20.5 ಮಿಲಿಯನ್ ಮಿತಿ, ಅಂದ್ರೆ ಟಿವಿ ದುಡ್ಡಿನ ಹಸಿವು ಇನ್ನೂ ಜಾಸ್ತಿ ಆಯ್ತು.

ಈಗ ಕ್ಯಾಲೆಂಡರ್ ತಗೊಂಡು ಗುರುತು ಹಾಕ್ಕೊಳ್ಳಿ. ಬಿಗ್ ಟೆನ್‌ನ ಫಾಕ್ಸ್, ಸಿಬಿಎಸ್, ಎನ್‌ಬಿಸಿ ಕಾಂಟ್ರಾಕ್ಟು 2030ರಲ್ಲಿ ಮುಗಿಯುತ್ತೆ, ಬಿಗ್ 12ದು 2031ಕ್ಕೆ. ಎಸಿಸಿ 2025ರ ಮಾರ್ಚಲ್ಲಿ ಫ್ಲೋರಿಡಾ ಸ್ಟೇಟ್, ಕ್ಲೆಮ್ಸನ್ ಜೊತೆ ರಾಜಿ ಮಾಡ್ಕೊಂಡಾಗ ಎಕ್ಸಿಟ್ ಫೀ ವರ್ಷಕ್ಕೆ 18 ಮಿಲಿಯನ್ ಇಳೀತಾ ಬಂದು 2030-31ಕ್ಕೆ 75 ಮಿಲಿಯನ್‌ಗೆ ನಿಲ್ಲೋ ಹಾಗೆ ಬರೆದಿದಾರೆ, ಫೀ ಕಟ್ಟಿದೋನು ತನ್ನ ಟಿವಿ ಹಕ್ಕನ್ನೂ ಜೊತೆಗೇ ತಗೊಂಡು ಹೋಗ್ಬಹುದು. ಬಿಗ್ ಟೆನ್ ಹೊಸ ರೇಟ್ ಮಾತಾಡೋ ಹೊತ್ತಿಗೇ ಎಸಿಸಿ ಬಾಗಿಲು ಅಗ್ಗ ಆಗುತ್ತೆ, ಇದೇನು ಕಾಕತಾಳೀಯ ಅಂತ ನನಗಂತೂ ಅನ್ಸಲ್ಲ. 2029ರ ಬೇಸಿಗೆಯಿಂದಲೇ ಬೋರ್ಡ್ ಮೀಟಿಂಗ್ ನೋಟಿಸ್ ನೋಡೋಕೆ ಶುರು ಮಾಡಿ, ಮೊದಲು ಫ್ಲೋರಿಡಾ ಸ್ಟೇಟ್ ಇರೋ ಟ್ಯಾಲಹಾಸಿಯದ್ದು.