ಹಿರಿಯರ ಕೈಯಿಂದ ಸ್ಪಾನರ್ ಕಿತ್ತುಕೊಂಡೆ: ಮೆಂಟೆನೆನ್ಸ್ ಟೀಮಿನಲ್ಲಿ ನನ್ನ ಅನುಭವ

ಒಂದೇ ಮೆಂಟೆನೆನ್ಸ್ ಟೀಮನ್ನು 18 ವರ್ಷದಿಂದ ನಡೆಸುತ್ತಿದ್ದೇನೆ. "ಒಬ್ಬರೇ ಇಷ್ಟು ವರ್ಷ ಕೂತರೆ ಟೀಮು ಜಡ್ಡುಗಟ್ಟುತ್ತದೆ" ಅಂತ ಮೇಲಿನವರು ಹೇಳಿದ್ದು ಒಂದೆರಡು ಸಲವಲ್ಲ. ಈಗ ತಿಂಗಳಿಗೆ 40 ಗಂಟೆ ಹತ್ತಿರ ಇದ್ದ ಬ್ರೇಕ್‌ಡೌನ್ 11-12 ಗಂಟೆಗೆ ಇಳಿದಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಹಿರಿಯ ಫಿಟ್ಟರ್‌ಗಳು ಒಬ್ಬೊಬ್ಬರಾಗಿ ರಿಟೈರ್ ಆಗುತ್ತಿದ್ದರು. ಅವರಿಗೆ ಗೊತ್ತಿದ್ದದ್ದೆಲ್ಲ ಅವರ ಜೊತೆಗೇ ಗೇಟು ದಾಟುತ್ತಿತ್ತು. ಮೊದಲು ಎಲ್ಲವನ್ನೂ ಬರೆಸಿದೆ. ಸುಮಾರು 200 ಪುಟದ ಫೈಲು, ಎಂಟು ತಿಂಗಳ ಓವರ್‌ಟೈಮ್. ಒಬ್ಬರೂ ತೆರೆದು ನೋಡಲಿಲ್ಲ. ಆಮೇಲೆ ರಿಟೈರ್ ಆದ ಇಬ್ಬರನ್ನು ದಿನದ ಲೆಕ್ಕದಲ್ಲಿ ವಾಪಸ್ ಕರೆಸಿದೆ. ಅದು ಇನ್ನೂ ದುಬಾರಿ ಆಯ್ತು. ಸಣ್ಣಪುಟ್ಟದಕ್ಕೂ ಹುಡುಗರು ಅವರನ್ನೇ ಕರೆಯತೊಡಗಿದರು, ಸ್ಪೇರ್ಸ್ ಬಜೆಟ್ಟಿನ ಆರರಲ್ಲಿ ಒಂದು ಪಾಲಿನಷ್ಟು ದುಡ್ಡು ಅದಕ್ಕೇ ಹೋಯಿತು.

ಕಣ್ಣು ತೆರೆಸಿದ್ದು ಒಂದು ಪಂಪು. ಮೋಟಾರಿನ ಬೇರಿಂಗ್ ನಾಲ್ಕು ತಿಂಗಳಲ್ಲಿ ಮೂರು ಸಲ ಹೋಗಿತ್ತು, ಅಲೈನ್‌ಮೆಂಟ್ (ಮೋಟಾರು, ಪಂಪಿನ ಶಾಫ್ಟ್ ಎರಡನ್ನೂ ಒಂದೇ ಗೆರೆಗೆ ತರುವುದು) ಮಾಡಿ ಮಾಡಿ ಹುಡುಗರು ಸುಸ್ತಾಗಿದ್ದರು. ನೋಡಲು ಬಂದ ಹಿರಿಯರಿಗೆ ಅವತ್ತು ಕೈಗೆ ಪೆಟ್ಟಾಗಿತ್ತು, ಸ್ಪಾನರ್ ಹಿಡಿಯುವ ಹಾಗಿರಲಿಲ್ಲ. "ಮೋಟಾರಿನ ಕಾಲಿನ ಬೋಲ್ಟ್ ಒಂದೊಂದಾಗಿ ಸಡಿಲ ಮಾಡಪ್ಪಾ, ಡಯಲ್ ಗೇಜ್ ಎಷ್ಟು ತೋರಿಸುತ್ತೆ ಹೇಳು" ಅಂದರು. ಬೋಲ್ಟ್ ಬಿಟ್ಟಾಗ ಕಾಲು ಏಳುವುದು 0.05 ಮಿ.ಮೀ. ಒಳಗಿದ್ದರೆ ನಾವು ಸರಿ ಅನ್ನುತ್ತೇವೆ, ಅಲ್ವಾ? ಮೂರನೇ ಕಾಲಿಗೆ ಮುಳ್ಳು 0.2ರ ಹತ್ತಿರ ಹೋಯಿತು. ಸಾಫ್ಟ್ ಫುಟ್! ಆ ಕಾಲು ಬೇಸ್ ಮೇಲೆ ಸರಿಯಾಗಿ ಕೂತೇ ಇರಲಿಲ್ಲ, ಬಿಗಿದಾಗಲೆಲ್ಲ ಮೋಟಾರಿನ ಮೈ ತಿರುಚುತ್ತಿತ್ತು. ಅದರ ಕೆಳಗೆ ಶಿಮ್ (ತೆಳು ತಗಡು) ಹಾಕಿದ ಹುಡುಗ ಮುಂದಿನ ತಿಂಗಳು ಯಾರನ್ನೂ ಕೇಳದೆ ಇನ್ನೂ ನಾಲ್ಕು ಮೋಟಾರುಗಳಲ್ಲಿ ಅದೇ ತಪ್ಪು ಹಿಡಿದ.

ಅಲ್ಲಿಂದ ನಿಯಮ ಮಾಡಿದೆ. ಲೈನ್ ನಿಂತಿದ್ದರೂ ಮೊದಲ 20 ನಿಮಿಷ ಹಿರಿಯರು ಟೂಲ್ ಮುಟ್ಟುವಂತಿಲ್ಲ, ಉತ್ತರ ಹೇಳುವಂತಿಲ್ಲ, ಬರೀ ಪ್ರಶ್ನೆ ಕೇಳಬೇಕು. ಪ್ರೊಡಕ್ಷನ್‌ನವರು ಜಗಳಕ್ಕೇ ಬಂದರು. ಆರು ತಿಂಗಳು ಬ್ರೇಕ್‌ಡೌನ್ ಜಾಸ್ತಿಯೇ ಆಯ್ತು, ನನ್ನ ಬೋನಸ್ ಅರ್ಧಕ್ಕೆ ಬಿತ್ತು, ನನ್ನ ಜಾಗಕ್ಕೆ ಬೇರೆಯವರನ್ನು ತರುವ ಮಾತೂ ಬಂತು. ಮೀಟಿಂಗಿನಲ್ಲಿ ಫುಟ್ಬಾಲ್ ಮ್ಯಾನೇಜರ್ ಅಲೆಕ್ಸ್ ಫರ್ಗುಸನ್ ಲೆಕ್ಕ ಮುಂದಿಟ್ಟೆ: ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಬಂದದ್ದು 1986ರಲ್ಲಿ, ಅಲ್ಲಿ ಮೊದಲ ಲೀಗ್ ಗೆದ್ದದ್ದು 1993ರಲ್ಲಿ, 2013ರಲ್ಲಿ ಬಿಡುವಾಗ 13 ಲೀಗ್. ನನಗೆ ಎರಡೇ ವರ್ಷ ಸಾಕು ಅಂದೆ. ಕೊಟ್ಟರು.

ಮಧ್ಯೆ ಇನ್ನೊಂದು ಪ್ರಯೋಗ ಮಾಡಿದ್ದೆ, ಮೂರು ತಿಂಗಳಿಗೊಬ್ಬ ಶಿಫ್ಟ್ ಲೀಡರ್. ಗ್ರೀಸ್ ಉಳಿಸಲು ಒಬ್ಬ ಅದನ್ನು ಹಾಕುವ ಸರದಿ ಕಡಿಮೆ ಮಾಡಿದ, ಬೇರಿಂಗ್ ಹೋಗುವ ಹೊತ್ತಿಗೆ ಆ ಕುರ್ಚಿಯಲ್ಲಿ ಬೇರೆಯವನಿದ್ದ. ಇಬ್ಬರೂ ಏನೂ ಕಲಿಯಲಿಲ್ಲ. ನನ್ನ ತಪ್ಪುಗಳ ಬಿಲ್ಲು ಮಾತ್ರ ಎರಡು ವರ್ಷ ಬಿಟ್ಟಾದರೂ ನನ್ನ ಟೇಬಲ್ಲಿಗೇ ಬಂದಿದೆ. ನಾನು ಕಲಿತದ್ದೆಲ್ಲ ಅದರಿಂದಲೇ.

ಯಾವ ಹಿರಿಯರಿಗೆ ಯಾವ ಹುಡುಗ ಅಂತ ಜೋಡಿ ಮಾಡಲು ನನ್ನದೇ ಒಂದು ಪರೀಕ್ಷೆ ಇದೆ, ಅದನ್ನು ಇಲ್ಲಿ ಹೇಳುವುದಿಲ್ಲ. ಆದರೆ ಕರೆಂಟು, ಪ್ರೆಶರ್ ಇರುವ ಕೆಲಸಕ್ಕೆ ಈ 20 ನಿಮಿಷ ಹಚ್ಚಬೇಡಿ, ಅಲ್ಲಿ ಹಿರಿಯರೇ ಮೊದಲು ಕೈ ಹಾಕಲಿ.